ದೋಣಿಗೊಂದು ಹೊಸ್ತಿಲು

ಏಪ್ರಿಲ್ ೩, ಸೋಮವಾರ

ನಾಳೆ ಬೆಳಿಗ್ಗೆ ಹೊರಡಬೇಕಂತೆ. ಹೊರಡುವವರು ಯಾರು? ನಾನು, ನನ್ನ ಮಾವ, ಮತ್ತು ಒಂದು ದೋಣಿ. ಇದನ್ನು ತೀರ್ಮಾನ ಮಾಡಿದವರು ಯಾರು? ನನ್ನ ಹೆಂಡತಿ. ಅವಳು ಬರುತ್ತಾಳಾ? ಇಲ್ಲ. ಕಣ್ಣಾಸ್ಪತ್ರೆಯ ಹೆಡ್ ನರ್ಸ್‌ಗೆ ರಜೆ ಸಿಗುವುದಿಲ್ಲವಂತೆ. ಸಿಕ್ಕಿದ್ದರೂ ಬರುತ್ತಿರಲಿಲ್ಲ. ಮನೆ ಖಾಲಿಯಾಗುತ್ತದೆ ಅನ್ನುವ ಸಂತೋಷ ಮೊನ್ನೆಯಿಂದ ಅವಳ ಮುಖದ ಮೇಲೆ ಕುಣಿಯುತ್ತಿದೆ.

ಈ ದೋಣಿಯ ಕತೆ ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ನಾನೇ ನಂಬಲಿಕ್ಕಿಲ್ಲ. ಮಾವ ಜೀವಮಾನವಿಡೀ ಮನೆಮನೆ ಸುತ್ತಿ ನೀರಿನ ಮೀಟರ್ ಓದಿದವರು. ಕೆಲಸದಿಂದ ನಿವೃತ್ತರಾದ ಮಾರನೇ ವಾರವೇ ಯಾರಿಗೂ ಒಂದು ಮಾತು ಹೇಳದೆ ಹಾಯಿದೋಣಿಯೊಂದನ್ನು ಕೊಂಡು ತಂದರು. ಟ್ರೇಲರ್ ಮೇಲೆ ಕೂರಿಸಿ ಕಾರಿನ ಹಿಂದೆ ಎಳೆದುಕೊಂಡು ಹೋಗುವಂಥದ್ದು. ಒಳಗೆ ಇಬ್ಬರು ಮುದುರಿ ಮಲಗುವಷ್ಟು ಗೂಡು. ಅತ್ತೆಗೆ ನೀರು ಕಂಡರೆ ಜೀವ ಹೋಗುತ್ತಿತ್ತು, ನಾನಿರುವವರೆಗೆ ಬೇಡ ಅಂದರು. ಅವರು ಹೋದ ಮೇಲೆ ಮಾವ ನಮ್ಮ ಮನೆಗೆ ಬಂದರು, ಅವರ ಹಿಂದೆ ದೋಣಿಯೂ ಬಂತು. ಅವತ್ತಿನಿಂದ ನಮ್ಮ ಅಂಗಳದಲ್ಲಿ ಬೀಡುಬಿಟ್ಟಿದೆ. ಮಳೆ ನೀರು ಬಿಟ್ಟರೆ ಬೇರೆ ನೀರು ಕಂಡದ್ದಿಲ್ಲ. ಬಟ್ಟೆ ಒಣಗಿಸಲು ಅದರ ಹಗ್ಗ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ.

ಈಗ ಹೋಟೆಲ್ ಯಜಮಾನನೊಬ್ಬ ದೋಣಿ ಕೇಳಿದ್ದಾನೆ. ಹೋಟೆಲಿನ ಮುಂದೆ ನಿಲ್ಲಿಸಿ, ಒಳಗೆ ಮಣ್ಣು ತುಂಬಿ, ಹೂಗಿಡ ನೆಡುತ್ತಾನಂತೆ. ಹೆಂಡತಿ ತಕ್ಷಣ ಒಪ್ಪಿದಳು. ಮಾವ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು. ಕೊನೆಗೆ ಅಪ್ಪ ಮಗಳ ನಡುವೆ ಒಪ್ಪಂದವಾಯಿತು: ದೋಣಿ ಒಂದು ಸಲ, ಒಂದೇ ಒಂದು ಸಲ, ನೀರು ಮುಟ್ಟಬೇಕು. ಮುಟ್ಟಿದ ಮೇಲೆ ಹೋಟೆಲಿನವನು ಮಣ್ಣಾದರೂ ತುಂಬಲಿ, ಗೊಬ್ಬರವಾದರೂ ತುಂಬಲಿ. ದೋಣಿ ಬಿಡುವಂಥ ಸರೋವರ ಇರುವುದು ಬಲು ದೂರ. ದಾರಿಯುದ್ದಕ್ಕೂ ದೋಣಿಯಲ್ಲೇ ಮಲಗಬೇಕು, ಲಾಡ್ಜು ಗೀಡ್ಜು ಕೂಡದು. ಅದೂ ಮಾವನ ಷರತ್ತೇ.

"ನಿಮ್ಮಿಬ್ಬರಿಗೂ ಮಾಡಕ್ಕೆ ಬೇರೆ ಕೆಲಸ ಇಲ್ಲವಲ್ಲ" ಅಂದಳು ಹೆಂಡತಿ. ಮಾವನ ವಿಷಯ ಸರಿ, ವಯಸ್ಸಾಯಿತು. ನಾನು ಬಾಗಿಲು ಕಿಟಕಿ ಮಾಡುವ ಬಡಗಿ. ಈ ಊರಿನ ಅರ್ಧ ಜನ ನನ್ನ ಹೊಸ್ತಿಲು ದಾಟಿ ಮನೆಯೊಳಗೆ ಹೋಗುತ್ತಾರೆ. ಈಗ ಎಲ್ಲರಿಗೂ ಪ್ಲಾಸ್ಟಿಕ್ ಸುತ್ತಿದ ರೆಡಿಮೇಡ್ ಬಾಗಿಲು ಬೇಕು, ನಾನು ಬೇಡ. ಸಂಕ್ರಮಣ ಕಾಲ ಅಂತ ಏನೇನೋ ಹೇಳಿ ನಾನೇ ನನ್ನ ಅಂಗಡಿ ಮುಚ್ಚಿದೆ. ಅವಳು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಮೈ ಉರಿಯಿತು.

ಏಪ್ರಿಲ್ ೪, ಮಂಗಳವಾರ

ಕಾರು ಓಡಿಸುವುದು ನಾನು. ಪಕ್ಕದ ಸೀಟಿನಲ್ಲಿ ದಿಕ್ಸೂಚಿ ಹಿಡಿದು ಕೂರುವುದು ಮಾವ. ಹೆದ್ದಾರಿಯಲ್ಲಿ ದಿಕ್ಸೂಚಿ ಯಾತಕ್ಕೆ ಅಂತ ಕೇಳಿದೆ. ರಸ್ತೆ ಮೋಸ ಮಾಡಬಹುದು, ಉತ್ತರ ದಿಕ್ಕು ಮಾಡಲ್ಲ ಅಂದರು. ಮನೆಯಲ್ಲಿ "ಅಳಿಯಂದಿರು ಬರಬೇಕು, ಅಳಿಯಂದಿರು ಕೂರಬೇಕು" ಅನ್ನುತ್ತಿದ್ದ ಮನುಷ್ಯ, ಟ್ರೇಲರ್ ಗೇಟು ದಾಟಿದ್ದೇ ತಡ, ನೀನು ತಾನು ಅಂತ ಏಕವಚನ ಶುರು ಮಾಡಿದರು. ದೋಣಿಗೆ ಒಬ್ಬನೇ ಕ್ಯಾಪ್ಟನ್, ಉಳಿದವರೆಲ್ಲ ಆಳುಗಳಂತೆ. ಉಳಿದವರೆಲ್ಲ ಅಂದರೆ ನಾನೊಬ್ಬ.

ಎಡಕ್ಕೆ ತಿರುಗು ಅನ್ನಲು ಅವರಿಗೆ ಬಾಯಿ ಬರುವುದಿಲ್ಲ. ಎಡ ಅಂದರೆ ಪೋರ್ಟ್, ಬಲ ಅಂದರೆ ಸ್ಟಾರ್‌ಬೋರ್ಡ್. ಎಲ್ಲ ಪುಸ್ತಕ ಓದಿ ಕಲಿತದ್ದು. ದೊಡ್ಡ ಸರ್ಕಲ್ಲಿನಲ್ಲಿ ಪೋರ್ಟ್, ಪೋರ್ಟ್ ಅಂತ ಕೂಗಿದರು. ನನಗೆ ತಲೆಬುಡ ಗೊತ್ತಾಗದೆ ಸರ್ಕಲ್ಲನ್ನು ಸುತ್ತಿದ್ದೇ ಸುತ್ತಿದ್ದು, ಹಿಂದೆ ದೋಣಿ, ಅದರ ಹಿಂದೆ ಒಂದು ಮೆರವಣಿಗೆಯಷ್ಟು ವಾಹನ. ಎಡಗಡೆ ಅಂದರೆ ನಾಲಿಗೆ ಸವೆಯುತ್ತದಾ?

ಮಧ್ಯಾಹ್ನ ಪೊಲೀಸಿನವನು ಕೈ ಅಡ್ಡ ಹಾಕಿದ. ಹಾಯಿ ಕಟ್ಟುವ ಕಂಬ, ಅಂದರೆ ಪಟಸ್ತಂಭವನ್ನು ಬಿಚ್ಚಿ ದೋಣಿಯ ನೆತ್ತಿಯ ಮೇಲೆ ಉದ್ದಕ್ಕೆ ಮಲಗಿಸಿದ್ದೇವೆ, ಅದರ ತುದಿ ಹಿಂದಕ್ಕೆ ಚಾಚಿಕೊಂಡಿದೆ. ಕೆಂಪು ಬಟ್ಟೆ ಸಿಗದೆ ನನ್ನ ಕೆಂಪು ಬನಿಯನ್ನು ಕಟ್ಟಿದ್ದೆ. ಪೊಲೀಸಿನವನು ಬನಿಯನ್ನು ನೋಡಿದ, ದಿಕ್ಸೂಚಿ ನೋಡಿದ, ಎಲ್ಲಿಗೆ ಅಂತ ಕೇಳಿದ. ಸರೋವರದ ಹೆಸರು ಹೇಳಿದೆ. ಅಷ್ಟು ದೂರವಾ ಅಂತ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮಪ್ಪನಿಗೆ ಹುಷಾರಿಲ್ಲವಾ ಅಂದ. ಅಪ್ಪ ಅಲ್ಲ, ಹೆಂಡತಿಯ ಅಪ್ಪ ಅಂದೆ. ಅವನ ಮುಖದಲ್ಲಿ ಮರುಕ ಇನ್ನೂ ಹೆಚ್ಚಾಯಿತು, ಏನೂ ಕೇಳದೆ ಬಿಟ್ಟು ಕಳಿಸಿದ.

ಸಂಜೆ ಕ್ಯಾಂಪಿಂಗ್ ಮೈದಾನದ ಗೇಟಿನವನು, ಟೆಂಟಿಗೆ ಜಾಗವಿದೆ, ಕ್ಯಾಂಪರ್ ವ್ಯಾನಿಗೆ ಇದೆ, ದೋಣಿಗೆ ಇಲ್ಲ ಅಂದ. ಇದು ದೋಣಿ ಅಲ್ಲ, ಗಾಲಿ ಮೇಲಿರುವ ಕೋಣೆ ಅಂತ ನಾನು ಹೇಳಿದೆ. ಕೋಣೆ ಅಂದಿದ್ದೇ ಮಾವ ಸಿಡಿದೆದ್ದು, ಇದು ದೋಣಿಯೇ, ಅಪ್ಪಟ ದೋಣಿ ಅಂತ ಅವನಿಗೆ ಪಾಠ ಮಾಡಿದರು. ಪಾಠ ಮುಗಿಯುವಷ್ಟರಲ್ಲಿ ಗೇಟಿಗೆ ಬೀಗ ಬಿದ್ದಿತ್ತು.

ಈಗ ಒಂದು ದೊಡ್ಡ ಮಳಿಗೆಯ ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದೇವೆ. ಕತ್ತೆತ್ತಿ ಬೋರ್ಡು ಓದಿದೆ. ರೆಡಿಮೇಡ್ ಬಾಗಿಲುಗಳ ಮಳಿಗೆ. ನನ್ನ ಹಣೆಬರಹಕ್ಕೂ ತಮಾಷೆ ಮಾಡುವ ಚಟ ಇದೆ.

ಏಪ್ರಿಲ್ ೬, ಗುರುವಾರ

ದೋಣಿಯಲ್ಲಿ ಸಂಸಾರ ಹೇಗೆ ಅನ್ನುವುದನ್ನು ದಾಖಲಿಸುತ್ತೇನೆ.

ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಮಲಗುವ ಜಾಗ ಮೂತಿಯ ಕಡೆಗೆ ಚೂಪಾಗುತ್ತದೆ. ನಮ್ಮ ತಲೆಗಳು ದೂರ ದೂರ, ಕಾಲುಗಳು ಒಂದೇ ಮೂಲೆಯಲ್ಲಿ. ಮದುವೆಯಾದಾಗಿನಿಂದ ಈ ಮನುಷ್ಯನ ಕಾಲು ನನ್ನ ಕಾಲಿಗೆ ತಗಲಿದ್ದಿಲ್ಲ. ಈಗ ರಾತ್ರಿಯೆಲ್ಲ ನಿದ್ದೆಯಲ್ಲಿ ಒದೆಯುತ್ತಾರೆ. ನಾನೂ ತಿರುಗಿಸಿ ಒದೆಯುತ್ತೇನೆ, ನಿದ್ದೆಯಲ್ಲಿರುವವನ ಹಾಗೆ ಕಣ್ಣು ಮುಚ್ಚಿಕೊಂಡು.

ಎಲ್ಲಿ ನಿಂತರೂ ಲಂಗರು ಹಾಕಬೇಕು. ಡಾಂಬರು ನೆಲವಾದರೂ ಸರಿ. ಮಾವ ಮೇಲಿನಿಂದ ಅಪ್ಪಣೆ ಕೊಡುತ್ತಾರೆ, ನಾನು ಆ ಕಬ್ಬಿಣದ ಕೊಕ್ಕೆಯನ್ನು ಹಗ್ಗದಲ್ಲಿ ಇಳಿಸಿ ಕಾರಿನ ಪಕ್ಕದಲ್ಲಿ ಇಡುತ್ತೇನೆ. ಇವತ್ತು ಪೆಟ್ರೋಲ್ ಬಂಕಿನವನು ಬಂದು ನೋಡಿ, ಹಾಗೇ ವಾಪಸ್ಸು ಹೋದ. ಲಂಗರು ಬಿದ್ದಮೇಲೆ ಪಾಳಿಯಲ್ಲಿ ಕಾವಲು. ಮೊದಲ ಪಾಳಿ ನನ್ನದು. ಯಾರು ಬರುತ್ತಾರೆ ಅಂತ ಕಾಯಬೇಕು ಅಂತ ಕೇಳಿದೆ. ಬೇರೆ ಹಡಗುಗಳು ಅಂದರು. ತಲೆ ಚಚ್ಚಿಕೊಳ್ಳಲೂ ಜಾಗವಿಲ್ಲ ಇಲ್ಲಿ.

ಏಪ್ರಿಲ್ ೭, ಶುಕ್ರವಾರ

ಬ್ರೆಡ್ಡು. ಮೊಟ್ಟೆ. ಗೊರಕೆ.

ಏಪ್ರಿಲ್ ೯, ಭಾನುವಾರ

ಮಾವ ಬಿದ್ದರು.

ಟ್ರೇಲರ್ ಮೇಲೆ ಕೂತ ದೋಣಿಯ ಅಂಚು ನನ್ನ ತಲೆಗಿಂತ ಎತ್ತರ. ಹತ್ತಿ ಇಳಿಯಲು ಏಣಿ. ಬೆಳಿಗ್ಗೆ ಬಚ್ಚಲಿಗೆ ಹೋಗಲು ಇಳಿಯುವಾಗ, ಕೈ ಹಿಡಿಯುತ್ತೇನೆ ಇರಿ ಅಂದರೆ ಕೇಳದೆ, ಕ್ಯಾಪ್ಟನ್ ಕೈಯನ್ನು ಯಾರೂ ಹಿಡಿಯಬೇಕಾಗಿಲ್ಲ ಅನ್ನುತ್ತಲೇ ಕಾಲು ಜಾರಿದರು. ಪುಣ್ಯಕ್ಕೆ ಮೂಳೆ ಮುರಿದಿಲ್ಲ. ಪಾದದ ಗಂಟು ಬನ್ನಿನ ಹಾಗೆ ಊದಿಕೊಂಡಿದೆ. ಡಾಕ್ಟರು ಪಟ್ಟಿ ಸುತ್ತಿ, ಒಂದು ವಾರ ಎಲ್ಲೂ ಅಲುಗಬೇಡಿ ಅಂದಿದ್ದಾರೆ.

ಹೆಂಡತಿ ಫೋನಿನಲ್ಲಿ ಮಂಗಳಾರತಿ ಎತ್ತಿದಳು. ನಾನೇ ತಳ್ಳಿದೆನೇನೋ ಅನ್ನುವ ಹಾಗೆ ಮಾತಾಡಿದಳು.

ಈ ಊರಾಚೆಯ ಕ್ಯಾಂಪಿಂಗ್ ಮೈದಾನದ ಉಸ್ತುವಾರಿ ಒಬ್ಬ ಹೆಂಗಸು, ನನ್ನ ವಯಸ್ಸಿನವಳು. ಜನರಿಲ್ಲದ ಕಾಲ, ಬಿಕೋ ಅನ್ನುವ ಡಾಂಬರು ಮೈದಾನ. ದೋಣಿಯಾದರೇನು, ಹಡಗಾದರೇನು, ಎಷ್ಟು ದಿನ ಬೇಕಾದರೂ ಇರಿ ಅಂದಳು. ಮಾವನನ್ನು ತನ್ನ ಆಫೀಸಿನ ಸೋಫಾದ ಮೇಲೆ ಮಲಗಿಸಿದ್ದಾಳೆ. ರಾತ್ರಿ ಇವರನ್ನು ಏಣಿ ಹತ್ತಿಸುವುದು ಹೇಗೆ ಅನ್ನುವುದೇ ನನಗೆ ಯೋಚನೆ. ಸೋಫಾದಲ್ಲೇ ಮಲಗಿ ಅಂದರೆ, ಕ್ಯಾಪ್ಟನ್ ದೋಣಿ ಬಿಡಲ್ಲ ಅಂತ ಹಟ.

ಏಪ್ರಿಲ್ ೧೦, ಸೋಮವಾರ

ಇವತ್ತು ನಾನು ಕೆಲಸ ಮಾಡಿದೆ. ಕೆಲಸ ಅಂದರೆ ಕೆಲಸ.

ಬೆಳಿಗ್ಗೆ ದೋಣಿಯ ಸುತ್ತ ನಡೆದಾಗ ಹೊಳೆಯಿತು. ಎತ್ತರದ ಸಮಸ್ಯೆಗೆ ಏಣಿ ಉತ್ತರವಲ್ಲ. ಜನ ಗೋಡೆ ಹತ್ತಿ ಮನೆಯೊಳಗೆ ಇಳಿಯುತ್ತಾರಾ? ಬಾಗಿಲು ಇಡುತ್ತಾರೆ. ಇಷ್ಟು ಸರಳ. ಅಂಗಡಿ ಮುಚ್ಚುವಾಗ ಮಾರಲು ಮನಸ್ಸಾಗದೆ ಉಳಿಸಿಕೊಂಡಿದ್ದ ತೇಗದ ಹಲಗೆ, ಉಪಕರಣದ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲೇ ಇದ್ದವು. ಯಾಕೆ ತಂದಿದ್ದೆ ಅಂತ ನನಗೂ ಗೊತ್ತಿಲ್ಲ, ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗಿರಲಿಲ್ಲ.

ಮಾವ ಸೋಫಾದಲ್ಲಿ ಕಾಲು ಚಾಚಿ ಉಸ್ತುವಾರಿಯಮ್ಮನಿಗೆ ಗಾಳಿಯ ಬಗ್ಗೆ ಪಾಠ ಮಾಡುತ್ತಿದ್ದರು. ನಾನು ದೋಣಿಯ ಬಲಗಡೆ, ಟ್ರೇಲರ್ ಚಕ್ರದ ಪಕ್ಕದಲ್ಲಿ, ಗುರುತು ಹಾಕಿ ಗರಗಸ ಹಿಡಿದೆ. ದೋಣಿಯ ಮೈ ಫೈಬರ್, ಕೊಯ್ಯುವಾಗ ಹಲ್ಲು ಜುಮ್ಮೆನ್ನುತ್ತದೆ, ಅದು ಮರದ ಹಾಗೆ ಮಾತಾಡುವುದಿಲ್ಲ. ಆದರೆ ಚೌಕಟ್ಟು ಕೂರಿಸುವಾಗ ನನ್ನ ಕೈ ನನ್ನ ಕೈಯಾಯಿತು. ದೋಣಿಯ ಮೈ ಬಾಗಿರುವುದರಿಂದ ಬಾಗಿಲನ್ನೂ ಬಾಗಿಸಬೇಕಿತ್ತು, ಬಾಗಿಸಿದೆ. ಕೆಳಗೆ ಹೊಸ್ತಿಲು. ಹಿತ್ತಾಳೆ ಕೀಲು. ಒಳಗಡೆ ಚಿಲಕ. ಚಕ್ರ ಉರುಳದ ಹಾಗೆ ಅಡ್ಡ ಕೊಟ್ಟಿದ್ದ ಇಟ್ಟಿಗೆಗಳನ್ನು ತೆಗೆದು ಮೆಟ್ಟಿಲು ಕಟ್ಟಿದೆ. ಒಂದು ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ತೆರೆಯುತ್ತದೆ, ಬಿಟ್ಟರೆ ತಾನೇ ಬಂದು ಮುಚ್ಚಿಕೊಳ್ಳುತ್ತದೆ. ಇದಕ್ಕಿಂತ ಒಳ್ಳೆಯ ಬಾಗಿಲು ನಾನು ಮಾಡಿಲ್ಲ. ಸಿಳ್ಳೆ ಹಾಕುತ್ತಿದ್ದೆ ಅನ್ನುವುದು ಮುಗಿದ ಮೇಲೆ ಗೊತ್ತಾಯಿತು.

ಸಂಜೆ ಮಾವನನ್ನು ಕುಂಟಿಸಿಕೊಂಡು ಕರೆತಂದೆ. ಬನ್ನಿ, ನಿಮಗೊಂದು ಆಶ್ಚರ್ಯ ಅಂದೆ. ಬಾಗಿಲು ತೆಗೆದು ತೋರಿಸಿದೆ. ಮಾವ ನೋಡಿದರು. ಹೊಸ್ತಿಲ ಮೇಲೆ ಕೈಯಿಟ್ಟರು. ಮುಖ ಬಿಳಿಚಿಕೊಂಡಿತು. ಒಂದು ಮಾತಿಲ್ಲದೆ ಬಾಗಿಲ ಮೂಲಕ ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಮಲಗಿದರು. ಇಷ್ಟು ಸಲೀಸಾಗಿ ಅವರು ಒಳಗೆ ಹೋದದ್ದು ಇದೇ ಮೊದಲು. ಒಂದು ಥ್ಯಾಂಕ್ಸ್ ಬೇಡ, ಚೆನ್ನಾಗಿದೆ ಅನ್ನಬಾರದಾ?

ಏಪ್ರಿಲ್ ೧೧, ಮಂಗಳವಾರ

ಮಾತಿಲ್ಲ. ಒದೆಯುವುದೂ ಇಲ್ಲ. ಕಾಲು ಮುದುರಿಕೊಂಡು ಮಲಗುತ್ತಾರೆ.

ಏಪ್ರಿಲ್ ೧೨, ಬುಧವಾರ

ಉಸ್ತುವಾರಿಯಮ್ಮ ಚಹಾ ತಂದುಕೊಟ್ಟಳು. ಬಾಗಿಲನ್ನು ತೆಗೆದು, ಹಾಕಿ, ಚಿಲಕ ಜಾರಿಸಿ ನೋಡಿ, ಏನು ನಾಜೂಕು ಕೆಲಸ ಅಂದಳು. ನನಗೆ ಎದೆ ತುಂಬಿತು. ಆಮೇಲೆ ಕೇಳಿದಳು, "ನೀರಿಗೆ ಬಿಟ್ಟಾಗ ಇದರೊಳಗಿಂದ ನೀರು ಬರಲ್ವಾ?"

ಚಹಾ ಕೈಯಲ್ಲೇ ಉಳಿಯಿತು.

ದೇವರಾಣೆಗೂ, ಅದು ನನ್ನ ತಲೆಗೆ ಬಂದೇ ಇರಲಿಲ್ಲ. ಗರಗಸ ಹಿಡಿದಾಗ ಇಲ್ಲ, ಹೊಸ್ತಿಲು ಕೂರಿಸುವಾಗ ಇಲ್ಲ, ಸಿಳ್ಳೆ ಹಾಕುವಾಗಲೂ ಇಲ್ಲ. ಹೊರಟಾಗಿನಿಂದ ಅದರಲ್ಲಿ ಅಡುಗೆ ಮಾಡಿದ್ದೇನೆ, ಮಲಗಿದ್ದೇನೆ, ಪೆಟ್ರೋಲ್ ಬಂಕುಗಳಲ್ಲಿ ನಿಲ್ಲಿಸಿದ್ದೇನೆ. ನನ್ನ ಲೆಕ್ಕದಲ್ಲಿ ಅದು ಕೋಣೆ. ಕೋಣೆಗೆ ಬಾಗಿಲಿಟ್ಟೆ. ಒಂದು ಸಲ ನೀರು ಮುಟ್ಟಲಿ ಅಂತ ಊಟ ಬಿಟ್ಟ ಮುದುಕನ ದೋಣಿಗೆ, ನೀರು ಮುಟ್ಟುವ ಜಾಗದಲ್ಲೇ, ಮನುಷ್ಯ ತೂರುವಷ್ಟು ತೂತು ಕೊರೆದು ಕೀಲು ಹಾಕಿ ಕೊಟ್ಟಿದ್ದೇನೆ. ಅವರು ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ನಾಚಿಕೆಯಾಗುತ್ತಿದೆ.

ಏಪ್ರಿಲ್ ೧೪, ಶುಕ್ರವಾರ

ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ, ಬರೆಯುತ್ತೇನೆ.

ಮಾವನನ್ನು ಸಮಾಧಾನ ಮಾಡಲು ಒಂದು ಉಪಾಯ ಹುಡುಕಿದ್ದೆ. ಅವರ ಪುಸ್ತಕ ನೋಡಿಕೊಂಡು ಪಟಸ್ತಂಭ ಎತ್ತಿ ನಿಲ್ಲಿಸಿದೆ. ಹಾಯಿ ಏರಿಸಿದೆ. ಕಾಲು ಚಾಚಿ ಕೂರಲು ಅವರಿಗೆ ನೆರಳಾಗಲಿ ಅಂತ. ಮಾವ ಮಾತಾಡಲಿಲ್ಲ, ಆದರೆ ಬಾಗಿಲಿನಿಂದ ಒಳಗೆ ಹೋಗಿ, ಒಳಗಿನಿಂದ ಮೇಲೆ ಹತ್ತಿ, ಚುಕ್ಕಾಣಿಯ ಕೋಲು ಹಿಡಿದು ಕೂತರು. ನಾನು ಕಾರು ಬಿಚ್ಚಿ, ಬ್ರೆಡ್ಡು ತರಲು ಹೊರಟವನು, ಪರ್ಸು ಮರೆತು ಅರ್ಧ ದಾರಿಯಿಂದ ತಿರುಗಿ ಬಂದೆ. ಒಳ್ಳೆಯದೇ ಆಯಿತು.

ಗಾಳಿ ಬಂತು. ಸುಮ್ಮನೆ ಗಾಳಿಯಲ್ಲ, ಬೇಲಿಯ ಆಚೆಯ ತಗಡೆಲ್ಲ ಗಡಗಡ ಅನ್ನುವ ಗಾಳಿ. ಹಾಯಿ ಒಂದು ಸಲ ಪಟ್ ಅಂತ ಹೊಡೆದು ಹೊಟ್ಟೆ ಉಬ್ಬಿಸಿತು. ದೋಣಿ ಅಲುಗಿತು. ಚಕ್ರಕ್ಕೆ ಅಡ್ಡ ಇಟ್ಟಿಗೆ ಎಲ್ಲಿದೆ? ನನ್ನ ಬಾಗಿಲ ಮುಂದೆ ಮೆಟ್ಟಿಲಾಗಿ ಕೂತಿದೆ. ನನ್ನ ಕಣ್ಣೆದುರಿಗೇ ದೋಣಿ, ಟ್ರೇಲರ್, ಮಾವ, ಮೂವರೂ ಡಾಂಬರಿನ ಮೇಲೆ ಹೊರಟರು.

ಮೊದಲು ನಿಧಾನ, ಆಮೇಲೆ ಜೋರು. ಲಂಗರು ನೆಲದ ಮೇಲೆ ಕಿರ್ರೆಂದು ಕಿಡಿ ಹಾರಿಸುತ್ತಾ ಹಿಂದೆ ಬರುತ್ತಿತ್ತು. ಬಾಗಿಲು ತೆರೆದುಕೊಳ್ಳುವುದು, ಮುಚ್ಚಿಕೊಳ್ಳುವುದು, ತೆರೆದುಕೊಳ್ಳುವುದು. ನಾನು ಪಕ್ಕದಲ್ಲಿ ಓಡುತ್ತಾ ಇಳಿದುಬಿಡಿ ಅಂತ ಕೂಗಿದೆ. ಮಾವ ನನ್ನತ್ತ ನೋಡಲೂ ಇಲ್ಲ. ಹಗ್ಗ ಸಡಿಲ ಬಿಡು, ಸ್ಟಾರ್‌ಬೋರ್ಡಿಗೆ ಬಾ ಅಂತ ಅಪ್ಪಣೆ ಕೊಟ್ಟರು. ಆಶ್ಚರ್ಯ ಏನೆಂದರೆ ನಾನು ಸ್ಟಾರ್‌ಬೋರ್ಡಿಗೆ ಓಡಿದೆ, ನೇತಾಡುತ್ತಿದ್ದ ಹಗ್ಗ ಹಿಡಿದು ಸಡಿಲ ಬಿಟ್ಟೆ. ಉಸ್ತುವಾರಿಯಮ್ಮ ಕಿಟಕಿಯಲ್ಲಿ ನಿಂತು ಕೈ ಬೀಸಿದಳು, ಹಡಗು ಹೊರಟವರಿಗೆ ಬೀಸುವ ಹಾಗೆ. ಇಡೀ ಮೈದಾನ ದಾಟಿ, ಬೇಲಿಯ ಗಿಡಗಳೊಳಗೆ ಮೂತಿ ತೂರಿಸಿ ದೋಣಿ ನಿಂತಿತು.

ಬಾಗಿಲಿನಿಂದ ಒಳಗೆ ನುಗ್ಗಿ ಮೇಲೆ ಹತ್ತಿದೆ. ಮಾವನ ತಲೆಯ ಮೇಲೆಲ್ಲ ಎಲೆ. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು, ಉಸಿರು ಸಿಗದಷ್ಟು.

"ನೋಡಿದ್ಯಾ? ಹೋಗತ್ತೆ ಕಣೋ ಇದು."

ಅಪ್ಪಣೆಗಳನ್ನು ಬಿಟ್ಟರೆ ಸೋಮವಾರದಿಂದ ಇದೇ ಮೊದಲ ಮಾತು. ನಾನೂ ನಗಲು ಶುರು ಮಾಡಿದೆ, ನಿಲ್ಲಿಸಲು ಆಗಲಿಲ್ಲ. ಆಮೇಲೆ ಹೇಳಿದೆ, ಬಾಗಿಲನ್ನು ಮುಚ್ಚಿಬಿಡುತ್ತೇನೆ, ಶಾಶ್ವತವಾಗಿ, ಸೂಜಿ ತೂರದ ಹಾಗೆ. ಮಾವ ಎಲೆ ಕೊಡವಿಕೊಳ್ಳುತ್ತಾ, ಮುಚ್ಚು ಅಂದರು.

ಏಪ್ರಿಲ್ ೧೫, ಶನಿವಾರ

ರೆಸಿನ್ನು, ಫೈಬರ್ ಬಟ್ಟೆ ತಂದೆ. ಚಿಲಕ ಜಾರಿಸಿದೆ, ಕೀಲಿನ ಮೊಳೆ ಕತ್ತರಿಸಿದೆ, ಸಂದಿಗೆಲ್ಲ ಅಂಟು ತುಂಬಿದೆ, ಒಳಗೆ ಹೊರಗೆ ಪದರದ ಮೇಲೆ ಪದರ. ತೆಗೆಯುವುದಕ್ಕೆ ಅಂತ ಮಾಡಿದ್ದನ್ನು ನನ್ನ ಕೈಯಿಂದಲೇ ಗೋಡೆ ಮಾಡಿದೆ. ಮಾವ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿದ್ದರು, ಬ್ರಷ್ಷು ಕೊಡುತ್ತಿದ್ದರು. ಕೊನೆಯ ಪದರ ಹಾಕುವ ಮುಂಚೆ ತಡೆದರು. ತೇಗದ ಮೇಲೆ ಒಂದು ಸಲ ಕೈಯಾಡಿಸಿ, "ಒಳ್ಳೇ ಬಾಗಿಲಾಗಿತ್ತು" ಅಂದರು.

ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಅಳು ಬಂತು. ಅಂಗಡಿ ಮುಚ್ಚಿದ ದಿನವೂ ಬಂದಿರಲಿಲ್ಲ.

ಇನ್ನು ಏಣಿಯೇ ಗತಿ. ಮಾವನನ್ನು ಕೂಸುಮರಿ ಮಾಡಿಕೊಂಡು ಹತ್ತಿಸುತ್ತೇನೆ. ಬೆನ್ನ ಮೇಲೆ ಕೂತೂ ಅಪ್ಪಣೆ ಕೊಡುವುದು ನಿಲ್ಲಿಸುವುದಿಲ್ಲ.

ಏಪ್ರಿಲ್ ೧೭, ಸೋಮವಾರ

ಹೊರಟೆವು. ಉಸ್ತುವಾರಿಯಮ್ಮ ದಾರಿಗೆ ಅಂತ ಒಂದು ದೊಡ್ಡ ಬ್ರೆಡ್ಡು ಮಾಡಿಕೊಟ್ಟಳು. ಬೇಲಿ ಹಾಳು ಮಾಡಿದ್ದಕ್ಕೆ ಒಂದು ಮಾತೂ ಆಡಲಿಲ್ಲ.

ಸರೋವರಕ್ಕೆ ಸ್ಟಾರ್‌ಬೋರ್ಡಿಗೆ ತಿರುಗಿ ಅಂತ ಬೋರ್ಡಿತ್ತು. ಅಷ್ಟರಲ್ಲಿ ಲಾರಿಯೊಂದು ಅಡ್ಡ ಬಂತು, ನೇರ ಹೋಗಬೇಕಾಯಿತು. ಹೋದ ದಾರಿಯಲ್ಲಿ ಒಂದು ಗುಡ್ಡವಿದೆಯಂತೆ, ಮೇಲಿನಿಂದ ಚೆನ್ನಾಗಿ ಕಾಣುತ್ತದಂತೆ. ಹೇಗೂ ಬಂದಾಯಿತಲ್ಲ ಅಂತ ಹತ್ತಿದೆವು. ಮಾವ ದಿಕ್ಸೂಚಿ ನೋಡಿ, ಅದರ ಮುಚ್ಚಳ ಹಾಕಿದರು.

ಏಪ್ರಿಲ್ ೧೮, ಮಂಗಳವಾರ

ಎಡಚಕ್ರದ ಬೇರಿಂಗ್ ಸದ್ದು ಮಾಡುತ್ತಿದೆ ಅನ್ನಿಸಿತು. ಗ್ಯಾರೇಜಿನವನು ಸದ್ದಿಲ್ಲ ಅಂದ. ಇನ್ನೊಬ್ಬನಿಗೆ ತೋರಿಸಿದೆ. ಅವನೂ ಇಲ್ಲ ಅಂದ. ಇಂಥ ವಿಷಯದಲ್ಲಿ ಅವಸರ ಮಾಡಬಾರದು. ಇವತ್ತು ಇಲ್ಲೇ ಲಂಗರು ಹಾಕಿಸಿದೆ. ಮಾವ ಮರೆತಿದ್ದರು, ನಾನೇ ನೆನಪಿಸಬೇಕಾಯಿತು. ಕಾವಲು ಪಾಳಿಯಲ್ಲಿ ಒಂದು ಕಸದ ಲಾರಿ ಬಂತು, ಎಬ್ಬಿಸಿ ತೋರಿಸಿದೆ.

ಹೆಂಡತಿಯ ಫೋನು. ನೀರು ಮುಟ್ಟಿತಾ ಅಂತ ದಿನಾ ಇದೇ ಪ್ರಶ್ನೆ. ಹೋಟೆಲಿನವನು ಮಣ್ಣು ತಂದು ಹೋಟೆಲ್ ಬಾಗಿಲಲ್ಲಿ ಸುರಿದುಕೊಂಡು ಕೂತಿದ್ದಾನಂತೆ. ಶನಿವಾರ ಮನೆಯಲ್ಲಿರಬೇಕಂತೆ. ಮಾವನ ಕಡೆ ನೋಡಿದೆ. ಅವರು ನಕಾಶೆ ಮಡಚಿ ಜೇಬಿಗೆ ಹಾಕಿಕೊಂಡರು. "ಆಯ್ತು. ನಾಳೆ ಹೋಗೋಣ. ಮಾತು ಕೊಟ್ಟಾಗಿದೆ."

ರಾತ್ರಿ ಒದೆಯಲಿಲ್ಲ. ಅವರಿಗೆ ನಿದ್ದೆ ಬಂದಿಲ್ಲ, ನನಗೆ ಗೊತ್ತು.

ಏಪ್ರಿಲ್ ೧೯, ಬುಧವಾರ

ಸರೋವರ ದೊಡ್ಡದು. ಆಚೆ ದಡ ಕಾಣುತ್ತದೆ, ಆದರೆ ಅಲ್ಲಿರುವವರು ಮನುಷ್ಯರೋ ಗಿಡಗಳೋ ಹೇಳಲು ಆಗುವುದಿಲ್ಲ.

ದೋಣಿ ಇಳಿಸುವ ಇಳಿಜಾರಿನಲ್ಲಿ ಒಬ್ಬ ಕಾವಲುಗಾರ. ದೋಣಿಯ ಸುತ್ತ ಬಂದು ನನ್ನ ತೇಪೆಯ ಹತ್ತಿರ ನಿಂತ. ಇದೇನು ಇಷ್ಟು ದೊಡ್ಡ ಗಾಯ, ಹಡಗಿಗೆ ಡಿಕ್ಕಿ ಹೊಡೆದಿರಾ ಅಂದ. ಬಾಗಿಲು ಅಂದೆ. ಅವನು ಎಷ್ಟೋ ಹೊತ್ತು ನನ್ನ ಮುಖವನ್ನೇ ನೋಡಿದ. ಇಬ್ಬರಿಗೂ ತೇಲುವ ಅಂಗಿ ತೊಡಿಸಿ, ಆಳವಿಲ್ಲದ ಕಡೆ, ನೀರಲ್ಲಿ ಗಡಿಗೆ ಅಂತ ಕಟ್ಟಿದ ಕೆಂಪು ಡಬ್ಬಿಗಳ ಈಚೆಗೇ ಇರಬೇಕು, ನಿಮ್ಮಪ್ಪನನ್ನು ಹುಷಾರಾಗಿ ಕೂರಿಸಿಕೊಳ್ಳಿ ಅಂದ. ಕೂರಿಸಿಕೊಳ್ಳುತ್ತೇನೆ ಅಂದೆ.

ಕಾರನ್ನು ಹಿಂದಕ್ಕೆ ಬಿಟ್ಟೆ. ಟ್ರೇಲರ್ ಮುಳುಗಿತು, ದೋಣಿ ಒಂದು ಕ್ಷಣ ಯೋಚಿಸಿ, ಎದ್ದು ತೇಲಿತು. ಮಾವ ದಡದಲ್ಲಿ ಕೋಲೂರಿ ನಿಂತಿದ್ದರು. ನಾನು ಅವರನ್ನು ನೋಡಿದೆ, ದೋಣಿಯನ್ನಲ್ಲ. ಬಾಯಿ ತೆರೆದಿತ್ತು.

ಆಮೇಲೆ ಮರದ ಕಟ್ಟೆಯ ಮೇಲಿನಿಂದ ಒಂದು ಹೆಜ್ಜೆ ಇಟ್ಟರು, ದೋಣಿಯೊಳಗಿದ್ದರು. ಏಣಿ ಬೇಡ, ಬಾಗಿಲು ಬೇಡ, ಕೂಸುಮರಿ ಬೇಡ. ನೀರಿನಲ್ಲಿ ದೋಣಿ ಅಷ್ಟು ತಗ್ಗಿನಲ್ಲಿ ಕೂರುತ್ತದೆ ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಹಾಯಿ ಏರಿಸಿದೆ. ಸಣ್ಣ ಗಾಳಿ. ಒಳಗೆ ಇಣುಕಿದರೆ ಹೊಸ್ತಿಲಿನ ಮೂಲೆಯಲ್ಲಿ ನೀರು ಜಿನುಗುತ್ತಿತ್ತು. ಸೂಜಿ ತೂರದ ಹಾಗೆ ಮುಚ್ಚುತ್ತೇನೆ ಅಂದಿದ್ದೆ. ಇಳಿದು, ಟವೆಲು ಒತ್ತಿ, ಅದಕ್ಕೆ ಬೆನ್ನು ಕೊಟ್ಟು, ಎದುರಿನ ಹಲಗೆಗೆ ಕಾಲು ಕೊಟ್ಟು ಕೂತೆ. ಒತ್ತಿ ಹಿಡಿದರೆ ಜಿನುಗುವುದು ಕಡಿಮೆಯಾಗುತ್ತದೆ, ಬಿಟ್ಟರೆ ಜಾಸ್ತಿ. ಹಾಗಾಗಿ ಸರೋವರವನ್ನು ನಾನು ನೋಡಲಿಲ್ಲ. ನನಗೆ ಕಂಡದ್ದು ಮೇಲಿ‌ನ ಕಿಂಡಿಯಲ್ಲಿ ಒಂದು ತುಂಡು ಆಕಾಶ, ಹಾಯಿಯ ಅಂಚು, ಪಟ್ಟಿ ಸುತ್ತಿದ ಮಾವನ ಕಾಲು.

ಎಷ್ಟು ಬರ್ತಿದೆ ಅಂತ ಮೇಲಿನಿಂದ ಕೇಳಿದರು. ಸ್ವಲ್ಪ ಅಂದೆ. ಸ್ವಲ್ಪ ಅಂದರೆ ಲೆಕ್ಕವಲ್ಲ, ಹನಿಯೋ ಧಾರೆಯೋ ಅಂದರು. ಹನಿ ಅಂದೆ. ಹನಿಯಾದರೆ ಸಂಜೆಯವರೆಗೂ ಯೋಚನೆ ಇಲ್ಲ ಅಂದರು. ಜೀವಮಾನವಿಡೀ ನೀರಿನ ಲೆಕ್ಕ ಹಾಕಿದವರು, ನಂಬಿದೆ. ಆಮೇಲೆ ನನಗೆ ಕಾಣದ್ದನ್ನೆಲ್ಲ ಹೇಳುತ್ತಾ ಹೋದರು. ಈಗ ಒಂದು ಹಕ್ಕಿ ನೀರಿನ ಮೇಲೆ ಇಳಿಯಿತು. ಈಗ ಕಾವಲುಗಾರ ಬೆರಳಷ್ಟಾದ. ಈಗ ನೀರಿನ ಬಣ್ಣ ಬೇರೆಯಾಯಿತು. ಅವರ ದನಿ ಮೂವತ್ತು ವರ್ಷ ಎಳೆಯದಾಗಿತ್ತು, ಪಟ್ಟಿ ಸುತ್ತಿದ ಕಾಲು ತಾಳ ಹಾಕುತ್ತಿತ್ತು.

ಅಂಗಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ.

"ನೀರು ಮುಟ್ಟಿತಾ?"

ಸೊಂಟದವರೆಗೆ ನನ್ನ ಪ್ಯಾಂಟು ಒದ್ದೆ. ಚಪ್ಪಲಿಗಳು ಎದುರಿಗೇ ತೇಲುತ್ತಿದ್ದವು. ಮೇಲೆ ತಾಳ ನಿಂತಿತು.

"ಇನ್ನೂ ಇಲ್ಲ ಕಣೇ" ಅಂದೆ. "ಈ ಸರೋವರ ಸರಿಯಿಲ್ಲ. ಬೇರೆ ನೋಡಬೇಕು."

ಅದೇನು ಅಲ್ಲಿ ನೀರಿನ ಸದ್ದು ಅಂತ ಕೇಳಿದಳು. ನಿಮ್ಮಪ್ಪ ಸ್ನಾನ ಮಾಡ್ತಿದಾರೆ ಅಂದೆ. ಅವಳು ನಕ್ಕ ಹಾಗೆ ಕೇಳಿಸಿತು. ಆಮೇಲೆ, ಸರಿ, ಹೋಟೆಲಿನವನಿಗೆ ಬೇರೆ ಏನಾದರೂ ನೋಡಿಕೊಳ್ಳಲು ಹೇಳುತ್ತೇನೆ, ಅಪ್ಪನಿಗೆ ಶೀತ ಆಗದ ಹಾಗೆ ನೋಡಿಕೋ ಅಂದು ಇಟ್ಟಳು.

ಮೇಲೆ ಮಾವನ ಕಾಲು ಮತ್ತೆ ತಾಳ ಹಿಡಿಯಿತು. ಆಮೇಲೆ ಗಂಟಲು ಸರಿ ಮಾಡಿಕೊಂಡರು.

"ದೋಣಿಯಲ್ಲಿ ಸುಳ್ಳು ಹೇಳೋದಕ್ಕೆ ಕ್ಯಾಪ್ಟನ್ ಅಪ್ಪಣೆ ಬೇಕು."

"ಹಾಗಾದ್ರೆ ಕೊಡಿ."

"ಕೊಟ್ಟಿದೀನಿ" ಅಂದರು. ಪೋರ್ಟಿಗೆ ತಿರುಗಿಸುತ್ತೇನೆ, ಗಟ್ಟಿಯಾಗಿ ಹಿಡಿದುಕೋ ಅಂದರು. ನಾನು ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿ ಕೂತೆ.